ಕತ್ತರಿ ಹಾಕಿದ್ರೂ ಬಿಚ್ಚಿಕೊಳ್ಳದ ಹೊಲಿಗೆ: ಟರ್ಕಿ ವರ್ಕ್ ಹೇಗೆ ನಿಲ್ಲುತ್ತೆ, ಹೇಗೆ ಹಾಕೋದು

ಇತ್ತೀಚೆಗೆ ಫೋನ್ ತೆಗೆದ್ರೆ ಒಂದು ಥರದ ವಿಡಿಯೋ ಪದೇ ಪದೇ ಕಣ್ಣಿಗೆ ಬೀಳುತ್ತೆ. ಹೂಪಿಗೆ (ಹೊಲಿಯುವಾಗ ಬಟ್ಟೆ ಬಿಗಿದಿಡೋ ದುಂಡನೆ ಚೌಕಟ್ಟು) ಬಿಗಿದ ಬಟ್ಟೆ ಮೇಲೆ ಯಾರೋ ಒತ್ತೊತ್ತಾಗಿ ದಾರದ ಕುಣಿಕೆಗಳನ್ನ ಹೊಲಿದಿರ್ತಾರೆ, ಆಮೇಲೆ ಚಿಕ್ಕ ಕತ್ತರಿ ತಗೊಂಡು ಅಷ್ಟನ್ನೂ ಕಚಕಚ ಅಂತ ಕತ್ತರಿಸಿಬಿಡ್ತಾರೆ, ಸೂಜಿ ತುದಿಯಿಂದ ಸ್ವಲ್ಪ ಕೆದಕಿದ್ರೆ ಸಾಕು, ಬಟ್ಟೆ ಮೇಲೆ ಮೈತುಂಬ ರೋಮ ಇರೋ ಒಂದು ದುಂಡನೆಯ ಜೇನುನೊಣ ಎದ್ದು ಕೂತಿರುತ್ತೆ. ನೋಡೋಕೆ ಮಜಾ. ಆದ್ರೆ ಸೂಜಿ ಹಿಡಿದು ಅಭ್ಯಾಸ ಇರೋ ಯಾರಿಗಾದ್ರೂ ತಕ್ಷಣ ಬರೋ ಪ್ರಶ್ನೆ ಒಂದೇ: ಹೊಲಿದ ದಾರನ ಮಧ್ಯದಲ್ಲಿ ಕತ್ತರಿಸಿದ್ರೆ ಎಲ್ಲಾ ಬಿಚ್ಚಿ ಹೋಗ್ಬೇಕಲ್ವಾ?

ಹೋಗಲ್ಲ. ಯಾಕೆ ಹೋಗಲ್ಲ ಅನ್ನೋದು ಅರ್ಥ ಆದ್ರೆ ಈ ಹೊಲಿಗೆ ಮುಕ್ಕಾಲು ಭಾಗ ಕಲಿತ ಹಾಗೇನೇ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪೈಲ್ ಅಂದ್ರೇನು

ಮಾಮೂಲಿ ಎಂಬ್ರಾಯ್ಡರಿಯಲ್ಲಿ ದಾರ ಬಟ್ಟೆ ಮೇಲೆ ಮಲಗಿರುತ್ತೆ. ಸ್ಯಾಟಿನ್ ಸ್ಟಿಚ್ ಇರ್ಲಿ, ಚೈನ್ ಸ್ಟಿಚ್ ಇರ್ಲಿ, ಬಟ್ಟೆಗೆ ಅಂಟಿಕೊಂಡ ಹಾಗೆ ಚಪ್ಪಟೆಯಾಗಿರುತ್ತೆ. ಫ್ರೆಂಚ್ ನಾಟ್ ಸ್ವಲ್ಪ ಉಬ್ಬಿಕೊಂಡಿರುತ್ತೆ ನಿಜ, ಆದ್ರೆ ಅದೂ ಒಂದು ಗಂಟು ಅಷ್ಟೇ, ಅದರಲ್ಲಿ ದಾರದ ತುದಿ ಕಾಣಿಸಲ್ಲ. ಪೈಲ್ ಹೊಲಿಗೆಯಲ್ಲಿ ದಾರ ಬಟ್ಟೆಯಿಂದ ಮೇಲಕ್ಕೆ ನೆಟ್ಟಗೆ ಎದ್ದು ನಿಂತಿರುತ್ತೆ. ಕಾರ್ಪೆಟ್, ಟವಲ್, ವೆಲ್ವೆಟ್ ಮುಟ್ಟಿದಾಗ ಕೈಗೆ ಸಿಗುತ್ತಲ್ಲ, ಆ ಎದ್ದು ನಿಂತ ಪದರಕ್ಕೇ ಪೈಲ್ ಅನ್ನೋದು. ಟವಲ್‌ನಲ್ಲಿ ಕುಣಿಕೆಗಳನ್ನ ಹಾಗೇ ಬಿಟ್ಟಿರ್ತಾರೆ, ವೆಲ್ವೆಟ್‌ನಲ್ಲಿ ಕತ್ತರಿಸಿರ್ತಾರೆ. ಅಲ್ಲಿ ಮಗ್ಗ ಮಾಡೋ ಕೆಲಸನ ಇಲ್ಲಿ ಸೂಜಿಯಲ್ಲಿ ಒಂದೊಂದೇ ಗಂಟು ಹಾಕ್ಕೊಂಡು ಮಾಡ್ತೀವಿ.

ಕೈ ಎಂಬ್ರಾಯ್ಡರಿಯಲ್ಲಿ ಹೆಚ್ಚು ಬಳಕೆಯಲ್ಲಿರೋ ಪೈಲ್ ಹೊಲಿಗೆಗೆ ಟರ್ಕಿ ವರ್ಕ್ ಅಂತಾರೆ, ಗಿಯೋರ್ಡೆಸ್ ನಾಟ್ ಅಂತಲೂ ಕರೀತಾರೆ. ಎರಡೂ ಒಂದೇ. ಇದಕ್ಕೆ ನೆಂಟರು ಇದ್ದಾರೆ: ವೆಲ್ವೆಟ್ ಸ್ಟಿಚ್ ಅನ್ನೋದ್ರಲ್ಲಿ ಕುಣಿಕೆಯ ಬುಡನ ಒಂದು ಕ್ರಾಸ್ ಸ್ಟಿಚ್ ಅದುಮಿ ಹಿಡಿದಿರುತ್ತೆ, ಅದನ್ನ ಎಳೆ ಎಣಿಸೋಕೆ ಆಗೋ ಕ್ಯಾನ್ವಾಸ್ ಬಟ್ಟೆ ಮೇಲೆ ಹಾಕ್ತಾರೆ. ಇಲ್ಲಿ ನಾವು ಟರ್ಕಿ ವರ್ಕನ್ನೇ ಹಿಡ್ಕೊಳ್ಳೋಣ, ಯಾಕಂದ್ರೆ ಇದಕ್ಕೆ ಕ್ಯಾನ್ವಾಸ್ ಬೇಡ, ಒತ್ತಾಗಿ ನೇಯ್ದ ಮಾಮೂಲಿ ಬಟ್ಟೆ ಮೇಲೇ ಆಗುತ್ತೆ.

ಕಾರ್ಪೆಟ್‌ನಿಂದ ಬಂದ ಗಂಟು

ಈ ಗಂಟು ಎಂಬ್ರಾಯ್ಡರಿಯವರು ಕಂಡುಹಿಡಿದದ್ದಲ್ಲ, ಕಾರ್ಪೆಟ್ ನೇಯೋರದ್ದು. ಗಿಯೋರ್ಡೆಸ್ ಅನ್ನೋ ಹೆಸರು ಬಂದಿದ್ದು ಗೋರ್ಡೆಸ್‌ನಿಂದ, ಅದು ಪಶ್ಚಿಮ ಟರ್ಕಿಯ ಒಂದು ಊರು, ಈಗಿನ ಮನಿಸಾ ಪ್ರಾಂತ್ಯದಲ್ಲಿದೆ, ಕಾರ್ಪೆಟ್‌ಗೆ ಹೆಸರಾದ ಜಾಗ. ಆದ್ರೆ ಗಂಟಿನ ವಯಸ್ಸು ಆ ಊರಿನ ಕಾರ್ಪೆಟ್‌ಗಿಂತ ಎಷ್ಟೋ ಹೆಚ್ಚು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳಲ್ಲಿ ಹಿಮಗಟ್ಟಿದ್ದ ಒಂದು ಸಮಾಧಿಯಲ್ಲಿ 1949ರಲ್ಲಿ ಪುರಾತತ್ವಜ್ಞ ಸೆರ್ಗೆಯ್ ರುಡೆಂಕೊ ಅವರಿಗೆ ಸಿಕ್ಕ ಪಾಜಿರಿಕ್ ಕಾರ್ಪೆಟ್ ಇದೇ ಗಂಟಲ್ಲಿ ಮಾಡಿದ್ದು. ಅದು ಕ್ರಿಸ್ತಪೂರ್ವ 5ರಿಂದ 4ನೇ ಶತಮಾನದ್ದು, ಪೂರ್ತಿಯಾಗಿ ಉಳಿದಿರೋ ಪೈಲ್ ಕಾರ್ಪೆಟ್‌ಗಳಲ್ಲಿ ಅದೇ ಅತಿ ಹಳೇದು ಅಂತ ಲೆಕ್ಕ, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಮ್ಯೂಸಿಯಮ್ಮಲ್ಲಿದೆ. ಎರಡು ಸಾವಿರ ವರ್ಷ ದಾಟಿದ್ರೂ ಗಂಟು ಹಿಡಿದುಕೊಂಡೇ ಇದೆ ಅಂದ್ರೆ ಕತ್ತರಿಸಿದ್ರೆ ಬಿಚ್ಚಿ ಹೋಗುತ್ತಾ ಅನ್ನೋ ಭಯ ಅರ್ಧ ಅಲ್ಲೇ ಇಳೀಬೇಕು (ಅದು ನೇಯ್ಗೆಯ ಜೊತೆಗೆ ಕಟ್ಟಿದ್ದು, ನಮ್ದು ಬಟ್ಟೆ ಮೇಲೆ ಸೂಜಿಯಿಂದ ಹಾಕೋದು ಅನ್ನೋ ವ್ಯತ್ಯಾಸ ಇದೆ, ಆದ್ರೆ ದಾರ ಸುತ್ತಿಕೊಳ್ಳೋ ರೀತಿ ಅದೇ).

ಇಂಗ್ಲೆಂಡಲ್ಲಿ 16, 17ನೇ ಶತಮಾನದಲ್ಲಿ ಟರ್ಕಿಯಿಂದ ಬರ್ತಿದ್ದ ಕಾರ್ಪೆಟ್ ಎಷ್ಟು ದುಬಾರಿ ಅಂದ್ರೆ ಅದನ್ನ ನೆಲಕ್ಕೆ ಹಾಸದೆ ಮೇಜಿನ ಮೇಲೆ ಹಾಸ್ತಿದ್ರು. ಆ ನೋಟನ ನಕಲು ಮಾಡಿ ಉಣ್ಣೆಯಲ್ಲಿ ಕುರ್ಚಿಯ ಹೊದಿಕೆ, ದಿಂಬು ಎಲ್ಲ ಅಲ್ಲೇ ಮಾಡೋಕೆ ಶುರು ಮಾಡಿದ್ರು, ಟರ್ಕಿ ವರ್ಕ್ ಅನ್ನೋ ಹೆಸರು ಅಲ್ಲಿಂದ. 19ನೇ ಶತಮಾನಕ್ಕೆ ಬಂದ್ರೆ ಯುರೋಪಲ್ಲಿ ಬರ್ಲಿನ್ ಉಣ್ಣೆ ಕೆಲಸ ಅಂತ ಒಂದು ದೊಡ್ಡ ಫ್ಯಾಷನ್ ಇತ್ತು, ಅದರಲ್ಲಿ ಗಿಳಿ, ನಾಯಿ, ಹೂವಿನ ಭಾಗನ ಮಾತ್ರ ಪೈಲ್‌ನಲ್ಲಿ ಮಾಡಿ ಕತ್ತರಿಯಿಂದ ಉಬ್ಬು ತಗ್ಗು ಕೊಡ್ತಿದ್ರು. ಅಂದ್ರೆ ಈಗಿನ ವಿಡಿಯೋದಲ್ಲಿ ಕಾಣೋ ಜೇನುನೊಣ ಹೊಸ ಐಡಿಯಾ ಏನಲ್ಲ.

ಯಾಕೆ ಬಿಚ್ಚಿಕೊಳ್ಳಲ್ಲ

ಟರ್ಕಿ ವರ್ಕ್‌ನಲ್ಲಿ ಎರಡು ಥರದ ಸ್ಟಿಚ್ ಒಂದಾದ ಮೇಲೆ ಒಂದು ಬರುತ್ತೆ. ಒಂದು ಬಿಗಿ, ಒಂದು ಸಡಿಲ. ಸಡಿಲ ಸ್ಟಿಚ್ ಮೇಲೆ ಕುಣಿಕೆಯಾಗಿ ಉಳಿಯುತ್ತೆ, ಬಿಗಿ ಸ್ಟಿಚ್ ಆ ಕುಣಿಕೆಯ ಬುಡದ ಮೇಲೆ ಅಡ್ಡ ಹಾದು ಅದನ್ನ ಬಟ್ಟೆಗೆ ಅದುಮುತ್ತೆ. ಕತ್ತರಿಸೋದು ಸಡಿಲ ಭಾಗನ ಮಾತ್ರ, ಬಿಗಿ ಭಾಗಕ್ಕೆ ಕತ್ತರಿ ತಾಗೋದೇ ಇಲ್ಲ.

ಪೊರಕೆ ನೆನಪಿಸಿಕೊಳ್ಳಿ. ಅದರ ತುದಿಯನ್ನ ನೀವು ಎಷ್ಟು ಬೇಕಾದ್ರೂ ಕತ್ತರಿಸಿ, ಒಂದು ಕಡ್ಡಿಯೂ ಉದುರಲ್ಲ, ಯಾಕಂದ್ರೆ ಹಿಡಿಯೋ ಕೆಲಸ ಮಾಡ್ತಿರೋದು ಬುಡದ ಕಟ್ಟು. ಕಟ್ಟು ಸಡಿಲ ಆಯ್ತು ಅಂದ್ರೆ ತುದಿ ಮುಟ್ಟದೇ ಇದ್ರೂ ಕಡ್ಡಿ ಒಂದೊಂದಾಗಿ ಜಾರುತ್ತೆ.

ಕತ್ತರಿಸಿದ ಮೇಲೆ ನಿಜವಾಗಿ ಆಗೋದೇನಂದ್ರೆ, ಉದ್ದಕ್ಕೂ ಒಂದೇ ಆಗಿದ್ದ ದಾರ ತುಂಡು ತುಂಡಾಗುತ್ತೆ, ಪ್ರತಿ ತುಂಡೂ ತನ್ನಷ್ಟಕ್ಕೆ ತಾನು ಒಂದು ಗಂಟು. ದಾರದ ಒಂದು ಕಾಲು (ಕುಣಿಕೆಯ ಒಂದು ಬದಿ) ಮೇಲಿಂದ ಒಳಗೆ ಹೋಗಿ, ಎಡಕ್ಕೆ ಮೇಲೆ ಬಂದು, ಅಡ್ಡ ಹಾದು ಬಲಕ್ಕೆ ಇಳಿದು, ಮತ್ತೆ ಮೊದಲ ತೂತಿನಿಂದಲೇ ಇನ್ನೊಂದು ಕಾಲಾಗಿ ಹೊರಗೆ ಬಂದಿರುತ್ತೆ. ಅಷ್ಟು ತಿರುವು ಸುತ್ತಿದ ದಾರ ಬಟ್ಟೆಯ ನೂಲಿಗೆ ಉಜ್ಜಿಕೊಂಡೇ ನಿಲ್ಲುತ್ತೆ, ಜೊತೆಗೆ ಪಕ್ಕದ ಗಂಟೂ ಬಲಗಡೆಯ ತೂತನ್ನ ಹಂಚಿಕೊಂಡಿರೋದ್ರಿಂದ ಒಂದನ್ನೊಂದು ಬಿಗಿಯಾಗಿ ಒತ್ತಿ ಹಿಡಿಯುತ್ತೆ. ಒಂದು ಗಂಟು ಹೇಗೋ ಕಿತ್ತು ಬಂತು ಅಂತಾನೇ ಇಟ್ಕೊಳ್ಳಿ, ಪಕ್ಕದ್ದು ಜೊತೆಗೆ ಬರಲ್ಲ, ಯಾಕಂದ್ರೆ ಅವೆರಡೂ ಈಗ ಬೇರೆ ಬೇರೆ ದಾರ.

ಇದನ್ನ ಪಂಚ್ ನೀಡಲ್ ಜೊತೆ ಹೋಲಿಸಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಪಂಚ್ ನೀಡಲ್ ಅಂದ್ರೆ ಟೊಳ್ಳು ಸೂಜಿಯನ್ನ ಬಟ್ಟೆಗೆ ಚುಚ್ಚಿ ಚುಚ್ಚಿ ಕುಣಿಕೆ ಬಿಡೋದು, ಕೆಲಸ ಬೇಗ ಆಗುತ್ತೆ, ಆದ್ರೆ ಅಲ್ಲಿ ಬಿಗಿ ಸ್ಟಿಚ್ಚೇ ಇಲ್ಲ. ಬಟ್ಟೆಯ ನೂಲು ಒತ್ತಿ ಹಿಡಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ, ಒಂದು ತುದಿ ಹಿಡಿದು ಎಳೆದ್ರೆ ಇಡೀ ಸಾಲು ಸರ್ರನೆ ಬಂದುಬಿಡುತ್ತೆ. ಅದಕ್ಕೇ ಅದರ ಹಿಂಭಾಗಕ್ಕೆ ಅಂಟು ಹಚ್ಚೋದು ಜಾಸ್ತಿ. ಟರ್ಕಿ ವರ್ಕ್ ನಿಧಾನ, ಆದ್ರೆ ಅಂಟಿನ ಹಂಗಿಲ್ಲ.

ಬಟ್ಟೆ, ದಾರ, ಸೂಜಿ

ಬಟ್ಟೆ ಒತ್ತಾಗಿ ನೇಯ್ದ ಕಾಟನ್ ಅಥವಾ ಲಿನನ್ ಆಗಿರ್ಬೇಕು. ಜಾಳುಜಾಳು ಬಟ್ಟೆಯಲ್ಲಿ ಗಂಟು ಕೂರಲ್ಲ, ಹಿಗ್ಗೋ ಬಟ್ಟೆಯಲ್ಲಿ ಬಿಗಿ ಸ್ಟಿಚ್ ಆಮೇಲೆ ಸಡಿಲ ಆಗುತ್ತೆ. ಹೂಪಿಗೆ ಬಿಗಿಯಾಗಿ ಹಾಕ್ಕೊಳ್ಳಿ, ಬೆರಳಲ್ಲಿ ತಟ್ಟಿದ್ರೆ ಡಬ್ ಅನ್ನೋ ಸದ್ದು ಬರ್ಬೇಕು.

ದಾರದ ವಿಷಯ ಸ್ವಲ್ಪ ವಿವರವಾಗಿ ನೋಡ್ಬೇಕು, ಯಾಕಂದ್ರೆ ಕತ್ತರಿಸಿದ ಮೇಲೆ ಮೆತ್ತಗೆ ಅರಳೋದು ಅಥವಾ ಬಿರುಸಾಗಿ ನಿಲ್ಲೋದು ದಾರದ ಹುರಿ ಮೇಲೆ ಹೋಗುತ್ತೆ. ಎಂಬ್ರಾಯ್ಡರಿಗೆ ಸಿಗೋ ಮಾಮೂಲಿ ಆರೆಳೆ ಕಾಟನ್ ದಾರದ ಹುರಿ ಸಡಿಲ, ತುದಿ ಕತ್ತರಿಸಿದ್ರೆ ಹುರಿ ಹಿಡಿತ ಬಿಟ್ಟು ಎಳೆ ಎಲ್ಲಾ ಬಿಚ್ಚಿಕೊಂಡು ಹಿಂಜಿದ ಹಾಗಾಗುತ್ತೆ, ನಮಗೆ ಬೇಕಾಗಿರೋದೂ ಅದೇ. ಪರ್ಲ್ ಕಾಟನ್ ಗಟ್ಟಿಯಾಗಿ ಹುರಿಗೊಳಿಸಿದ್ದು, ಅದು ಅಷ್ಟು ಬೇಗ ಅರಳಲ್ಲ, ಅದನ್ನ ಕುಣಿಕೆ ಕತ್ತರಿಸದೆ ಬಿಡೋ ಕೆಲಸಕ್ಕೆ ಇಟ್ಕೊಳ್ಳಿ. ಉಣ್ಣೆ ಎಲ್ಲಕ್ಕಿಂತ ಚೆನ್ನಾಗಿ ಮೈದುಂಬಿ ಬರುತ್ತೆ, ಅದರ ಎಳೆಯಲ್ಲಿ ಹುಟ್ಟಿನಿಂದಲೇ ಸುರುಳಿ ಇರುತ್ತೆ, ಒತ್ತಿದ್ರೂ ಮತ್ತೆ ಎದ್ದು ನಿಲ್ಲುತ್ತೆ. ರೇಯಾನ್ ದಾರ ಹೊಳೆಯುತ್ತೆ ಆದ್ರೆ ಜಾರುತ್ತೆ, ಹೊಸದಾಗಿ ಕಲಿಯೋರು ಅದಕ್ಕೆ ಕೈ ಹಾಕದೇ ಇರೋದು ಒಳ್ಳೇದು.

ಆರೆಳೆಯಲ್ಲಿ ಮೂರು ಎಳೆ ತಗೊಂಡು ಶುರು ಮಾಡಿ. ಮೂರನ್ನೂ ಒಟ್ಟಿಗೆ ಸೀಳಬೇಡಿ, ಒಂದೊಂದೇ ಎಳೆ ಬಿಡಿಸಿ ತೆಗೆದು ಆಮೇಲೆ ಮೂರನ್ನೂ ಜೋಡಿಸಿ, ಹಾಗೆ ಮಾಡಿದ್ರೆ ಎಳೆಗಳ ಮಧ್ಯ ಗಾಳಿ ಇದ್ದು ಕತ್ತರಿಸಿದಾಗ ಜಾಸ್ತಿ ಅರಳುತ್ತೆ. ಸೂಜಿ ಚೂಪು ತುದಿಯ ಎಂಬ್ರಾಯ್ಡರಿ ಸೂಜಿಯೇ ಸಾಕು. ಉಣ್ಣೆಗಾದ್ರೆ ದೊಡ್ಡ ಕಣ್ಣಿರೋ ಚೂಪು ಸೂಜಿ ಬೇಕು.

ದಾರ ಎಷ್ಟು ಬೇಕಾಗುತ್ತೆ ಅನ್ನೋ ಅಂದಾಜು ಮೊದಲೇ ಇರ್ಲಿ, ಈ ಹೊಲಿಗೆ ದಾರ ನುಂಗುತ್ತೆ. ಕುಣಿಕೆ 1 ಸೆಂ.ಮೀ. ಎತ್ತರ, ಗಂಟಿನಿಂದ ಗಂಟಿಗೆ 2 ಮಿ.ಮೀ., ಸಾಲಿನಿಂದ ಸಾಲಿಗೂ 2 ಮಿ.ಮೀ. ಅಂತ ಇಟ್ಕೊಂಡ್ರೆ ಒಂದು ಚದರ ಸೆಂ.ಮೀ. ಜಾಗಕ್ಕೆ 25 ಗಂಟು. ಒಂದು ಗಂಟಿಗೆ ಕುಣಿಕೆಗೆ 2 ಸೆಂ.ಮೀ., ಬುಡಕ್ಕೆ ಸುಮಾರು ಅರ್ಧ ಸೆಂ.ಮೀ. ಅಂದ್ರೆ ಒಟ್ಟು 60 ಸೆಂ.ಮೀ. ಮೇಲೇನೇ ಬೇಕು, ಒಂದು ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ! 8 ಮೀಟರಿನ ಒಂದು ಲಡಿಯನ್ನ ಮೂರು ಮೂರು ಎಳೆ ಮಾಡಿದ್ರೆ 16 ಮೀಟರ್ ಸಿಗುತ್ತೆ, ವೇಸ್ಟ್ ಎಲ್ಲ ಕಳೆದು ಸುಮಾರು 20 ಚದರ ಸೆಂ.ಮೀ. ಮುಚ್ಚಬಹುದು. ಅದಕ್ಕೇ ಇದರಲ್ಲಿ ಇಡೀ ದಿಂಬಿನ ಕವರ್ ಮಾಡೋಕೆ ಹೋಗದೆ ಹೂವಿನ ಮಧ್ಯಭಾಗ, ಪ್ರಾಣಿಯ ಬಾಲ, ಸಿಂಹದ ಕೇಸರ ಇಂಥ ಸಣ್ಣ ಜಾಗಕ್ಕೆ ಬಳಸ್ತಾರೆ.

ಹಾಕೋ ಕ್ರಮ

ಓದುವಾಗ ಗೊಂದಲ ಅನ್ಸುತ್ತೆ, ಸೂಜಿ ಕೈಯಲ್ಲಿ ಹಿಡ್ಕೊಂಡು ಓದಿದ್ರೆ ಅನ್ಸಲ್ಲ. ಬಟ್ಟೆ ಮೇಲೆ ಅಡ್ಡ ಒಂದು ಗೆರೆ ಎಳೆದು ಎಡದಿಂದ ಬಲಕ್ಕೆ 1, 2, 3, 4, 5, 6, 7 ಅಂತ ಮಿಲಿಮೀಟರಿಗೊಂದು ಚುಕ್ಕೆ ಇಟ್ಕೊಳ್ಳಿ (ಕಲಿಯುವಾಗ ಬೇಕಾದ್ರೆ ಅರ್ಧ ಸೆಂ.ಮೀ. ದೂರ ಇಡಿ, ಕಣ್ಣಿಗೆ ಸುಲಭ). ಎಡಗೈಯವರು ಇದನ್ನೆಲ್ಲ ಬಲದಿಂದ ಎಡಕ್ಕೆ ತಿರುಗಿಸಿಕೊಳ್ಳಿ.

ದಾರದ ತುದಿಗೆ ಗಂಟು ಹಾಕಬೇಡಿ. ಶುರು ಮಾಡೋದು ಬಟ್ಟೆಯ ಮುಂಭಾಗದಿಂದ, ಇದು ಬೇರೆ ಹೊಲಿಗೆಗಿಂತ ಉಲ್ಟಾ. 2ರಲ್ಲಿ ಮೇಲಿಂದ ಕೆಳಕ್ಕೆ ಸೂಜಿ ಇಳಿಸಿ, ಬೇಕಾದ ಎತ್ತರಕ್ಕಿಂತ ಸ್ವಲ್ಪ ಉದ್ದ ಬಾಲನ ಮೇಲೇ ಬಿಟ್ಟು ಅದನ್ನ ಹೆಬ್ಬೆರಳಲ್ಲಿ ಕೆಳಗಡೆಗೆ ಒತ್ತಿ ಹಿಡ್ಕೊಳ್ಳಿ. 1ರಲ್ಲಿ ಮೇಲೆ ಬನ್ನಿ. ದಾರನ ಗೆರೆಯ ಮೇಲ್ಭಾಗಕ್ಕೆ ಸರಿಸಿ 3ರಲ್ಲಿ ಇಳಿಸಿ, ಮತ್ತೆ 2ರಲ್ಲಿ ಮೇಲೆ ಬನ್ನಿ, ಬರುವಾಗ ಈಗಷ್ಟೇ ಹಾಕಿದ ಅಡ್ಡ ಸ್ಟಿಚ್‌ನ ಕೆಳಗಡೆಯಿಂದ ಸೂಜಿ ಹೊರಬರಲಿ. ಎಳೆದು ಬಿಗಿ ಮಾಡಿ. ಮೊದಲ ಗಂಟು ಆಯ್ತು, ಬಾಲ ಕೂತ್ಕೊಂಡ್ತು.

ಈಗ ಕುಣಿಕೆ. ದಾರನ ಗೆರೆಯ ಕೆಳಭಾಗಕ್ಕೆ ತಂದು 4ರಲ್ಲಿ ಇಳಿಸಿ, ಆದ್ರೆ ಪೂರ್ತಿ ಎಳೀಬೇಡಿ, ಕುಣಿಕೆ ಉಳಿಸಿ ಹೆಬ್ಬೆರಳಲ್ಲಿ ಹಿಡ್ಕೊಳ್ಳಿ. 3ರಲ್ಲಿ ಮೇಲೆ ಬಂದು, ದಾರನ ಮೇಲ್ಭಾಗಕ್ಕೆ ಸರಿಸಿ 5ರಲ್ಲಿ ಇಳಿಸಿ 4ರಲ್ಲಿ ಮೇಲೆ ಬನ್ನಿ, ಬಿಗಿ ಮಾಡಿ. ಮತ್ತೆ 6ಕ್ಕೆ ಕುಣಿಕೆ, 5ರಲ್ಲಿ ಮೇಲೆ, 7ಕ್ಕೆ ಇಳಿದು 6ರಲ್ಲಿ ಮೇಲೆ. ನೋಡಿ, ಸರಿಸಂಖ್ಯೆಯ ಚುಕ್ಕೆಯಲ್ಲೆಲ್ಲ ಕುಣಿಕೆಯ ಕಾಲು, ಬೆಸಸಂಖ್ಯೆಯಲ್ಲೆಲ್ಲ ಬಿಗಿ ಸ್ಟಿಚ್. ಎಲ್ಲಿದೀನಿ ಅನ್ನೋದು ಮರೆತುಹೋದ್ರೆ ದಾರ ಎಲ್ಲಿಂದ ಹೊರಟಿದೆ ನೋಡಿ: ಸರಿಯಿಂದ ಹೊರಟಿದ್ರೆ ಈಗ ಸಡಿಲ, ಬೆಸದಿಂದ ಹೊರಟಿದ್ರೆ ಈಗ ಬಿಗಿ. ಕುಣಿಕೆ ಅಂದ್ರೆ ದಾರ ಕೆಳಗೆ, ಬಿಗಿ ಅಂದ್ರೆ ದಾರ ಮೇಲೆ. ಹತ್ತು ಕುಣಿಕೆ ಆಗೋ ಹೊತ್ತಿಗೆ ಚುಕ್ಕೆಯ ಅವಶ್ಯಕತೆಯೇ ಇರಲ್ಲ.

ಸಾಲು ಮುಗಿದಾಗ ಬಿಗಿ ಸ್ಟಿಚ್ ಹಾಕಿ ದಾರನ ಮುಂಭಾಗದಲ್ಲೇ ಕುಣಿಕೆಯಷ್ಟು ಉದ್ದಕ್ಕೆ ಕತ್ತರಿಸಿ ಬಿಡಿ, ಅದೂ ಪೈಲ್‌ನಲ್ಲಿ ಸೇರಿಹೋಗುತ್ತೆ. ಹಿಂಭಾಗದಲ್ಲಿ ಚಿಕ್ಕ ಚಿಕ್ಕ ಗೀಟುಗಳ ಒಂದು ಸಾಲು ಬಿಟ್ರೆ ಏನೂ ಕಾಣಬಾರದು.

ಕೆಳಗಿನ ಸಾಲು ಮೊದಲು

ಕುಣಿಕೆ ಕೆಳಗೆ ಬಾಗುತ್ತಲ್ಲ, ಅದಕ್ಕೇ ಆಕಾರದ ಕೆಳಗಿನ ಸಾಲು ಮೊದಲು ಹಾಕಿ ಮೇಲಕ್ಕೆ ಹೋಗ್ಬೇಕು. ಮೇಲಿಂದ ಶುರು ಮಾಡಿದ್ರೆ ಹಾಕಿದ ಕುಣಿಕೆಗಳೆಲ್ಲ ಮುಂದಿನ ಗೆರೆ ಮೇಲೆ ಬಿದ್ದು ಸೂಜಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಸಾಲುಗಳ ಮಧ್ಯ 1ರಿಂದ 2 ಮಿ.ಮೀ. ಅಷ್ಟೇ ಜಾಗ ಬಿಡಿ. ಒತ್ತಾಗಿದ್ದಷ್ಟೂ ದಾರ ಒಂದಕ್ಕೊಂದು ಆತು ನೆಟ್ಟಗೆ ನಿಲ್ಲುತ್ತೆ, ವಿರಳವಾದ್ರೆ ಪಕ್ಕಕ್ಕೆ ಮಲಗಿ ಬಟ್ಟೆ ಇಣುಕುತ್ತೆ. ಹೊಲಿದಾದ್ಮೇಲೆ ತೆಳುವಾಗಿ ಕಂಡ್ರೆ ಕತ್ತರಿಸೋ ಮೊದಲೇ ಮಧ್ಯ ಮಧ್ಯ ಸಾಲು ಸೇರಿಸಿ. ಕತ್ತರಿಸಿದ ಮೇಲೆ ಸೇರಿಸೋಕೆ ಆಗುತ್ತೆ, ಆದ್ರೆ ಎದ್ದು ನಿಂತ ಎಳೆಗಳ ಮಧ್ಯ ಸೂಜಿ ಆಡಿಸೋದು ತಲೆನೋವು.

ಚಿತ್ರದಲ್ಲಿ ಬೇರೆ ಹೊಲಿಗೆಯೂ ಇದ್ರೆ ಅದನ್ನೆಲ್ಲ ಮುಗಿಸಿ ಇದನ್ನ ಕೊನೆಗೆ ಇಟ್ಕೊಳ್ಳಿ. ಇಲ್ಲಾಂದ್ರೆ ಪಕ್ಕದಲ್ಲಿ ಎಲೆ ಹೊಲಿಯುವಾಗ ಪೈಲ್‌ನ ರೋಮ ಪ್ರತಿ ಸ್ಟಿಚ್‌ಗೂ ಒಳಗೆ ಎಳೆದುಕೊಂಡು ಹೋಗುತ್ತೆ, ಹೂಪಿನ ಅಂಚು ಮೇಲೆ ಬಂದ್ರಂತೂ ಚಪ್ಪಟೆಯಾಗುತ್ತೆ.

ಕತ್ತರಿ ಕೆಲಸ

ಕುಣಿಕೆಗಳನ್ನ ಹಾಗೇ ಬಿಟ್ರೂ ಚೆಂದವೇ, ಕುರಿಯ ಮೈಗೆ, ಗುಂಗುರು ಕೂದಲಿಗೆ ಸರಿಹೊಂದುತ್ತೆ. ಆದ್ರೆ ಆಗ ಎಲ್ಲಾ ಕುಣಿಕೆ ಒಂದೇ ಅಳತೆ ಬರ್ಬೇಕು, ಪೆನ್ಸಿಲ್ ಅಥವಾ ಸ್ಟ್ರಾ ಇಟ್ಟು ಅದರ ಮೇಲೆ ಕುಣಿಕೆ ಹಾಕ್ಕೊಂಡು ಹೋದ್ರೆ ಅಳತೆ ತಪ್ಪಲ್ಲ. ಕತ್ತರಿಸೋದಾದ್ರೆ ಅಷ್ಟು ಕಟ್ಟುನಿಟ್ಟು ಬೇಡ, ಕೊನೆಗೆ ಬೇಕಾದ ಎತ್ತರಕ್ಕಿಂತ ಉದ್ದ ಇದ್ರೆ ಆಯ್ತು.

ಸಣ್ಣ ಬಾಯಿಯ, ತುದಿವರೆಗೂ ಹರಿತ ಇರೋ ಕತ್ತರಿ ಬೇಕು. ಮೊಂಡು ಕತ್ತರಿ ದಾರ ಕತ್ತರಿಸಲ್ಲ, ಜಗಿಯುತ್ತೆ, ಜಗಿಯುವಾಗ ಬುಡನ ಎಳೆಯುತ್ತೆ. ಮೊದಲು ಎಲ್ಲಾ ಕುಣಿಕೆಯ ತಲೆಯನ್ನ ಸಾಲು ಸಾಲಾಗಿ ಸೀಳಿ, ಎತ್ತರ ಕಡಿಮೆ ಮಾಡೋಕೆ ಈಗಲೇ ಹೋಗಬೇಡಿ. ಆಮೇಲೆ ಸೂಜಿ ತುದಿಯಿಂದಲೋ ಹಳೇ ಟೂತ್ ಬ್ರಷ್‌ನಿಂದಲೋ ಬಾಚಿ, ಎಳೆಗಳು ಬಿಡಿಸಿಕೊಂಡು ದಾರ ದಾರವಾಗಿ ಕಾಣ್ತಿದ್ದದ್ದು ಒಂದೇ ಮೆತ್ತನೆ ಪದರ ಆಗುತ್ತೆ. ಆಗ ಸ್ವಲ್ಪ ಕತ್ತರಿಸಿ, ಮತ್ತೆ ಬಾಚಿ, ಮತ್ತೆ ಸ್ವಲ್ಪ ಕತ್ತರಿಸಿ. ಅವಸರ ಮಾಡೋ ಜಾಗ ಇದಲ್ಲ.

ಆಕಾರ ಬರೋದು ಇಲ್ಲೇ. ಇಡೀ ಜಾಗನ ಒಂದೇ ಮಟ್ಟಕ್ಕೆ ಕತ್ತರಿಸಿದ್ರೆ ಮೇಲ್ಭಾಗ ಚಪ್ಪಟೆಯಾಗಿ ಅಂಚಲ್ಲಿ ಗೋಡೆ ನಿಂತ ಹಾಗಾಗುತ್ತೆ. ಜೇನುನೊಣದ ಬೆನ್ನಿಗೆ ಗುಮ್ಮಟದ ಆಕಾರ ಬೇಕಂದ್ರೆ ಅಂಚಿನ ಎಳೆಗಳನ್ನ ಬಟ್ಟೆಗೆ ಹತ್ತಿರ ಕತ್ತರಿಸಿ, ನಡುಭಾಗನ ಎತ್ತರ ಬಿಡಿ, ಕತ್ತರಿಯನ್ನ ಓರೆ ಹಿಡಿದು ಸುತ್ತ ಬನ್ನಿ. ಪಟ್ಟೆ ಎದ್ದು ಕಾಣ್ಬೇಕಂದ್ರೆ ಕಪ್ಪು ಮತ್ತು ಹಳದಿ ಸೇರೋ ಗೆರೆಯಲ್ಲಿ ಒಂದು ಸಣ್ಣ ಕಣಿವೆ ಕತ್ತರಿಸಿ. ಉದುರಿದ ಪುಡಿನ ಊದಬೇಡಿ, ಪಕ್ಕದ ಹೊಲಿಗೆಯಲ್ಲಿ ಕೂರುತ್ತೆ, ಅಂಟು ಟೇಪ್ ಒತ್ತಿ ತೆಗೀರಿ.

ಬಣ್ಣ ಯಾಕೆ ಗಾಢ ಆಗುತ್ತೆ

ಕತ್ತರಿಸಿದ ತಕ್ಷಣ ಬಣ್ಣ ಬದಲಾಯ್ತು ಅಂತ ತುಂಬ ಜನಕ್ಕೆ ಅನ್ಸುತ್ತೆ, ಅದು ಭ್ರಮೆ ಅಲ್ಲ. ಮಲಗಿರೋ ದಾರದ ಮೈ ಬೆಳಕನ್ನ ನೇರ ನಮ್ಮ ಕಣ್ಣಿಗೆ ತಿರುಗಿಸುತ್ತೆ, ಹಾಗಾಗಿ ಹೊಳಪು, ತಿಳಿ ಬಣ್ಣ. ಪೈಲ್‌ನಲ್ಲಿ ಕಾಣೋದು ದಾರದ ತುದಿಗಳು, ಬೆಳಕು ಎಳೆಗಳ ಮಧ್ಯ ಒಳಗೆ ಇಳಿದು ಅಲ್ಲೇ ಸುತ್ತಾಡಿ ಸ್ವಲ್ಪ ಮಾತ್ರ ವಾಪಸ್ ಬರುತ್ತೆ, ಅದಕ್ಕೇ ಅದೇ ಲಡಿಯ ದಾರ ಒಂದು ಶೇಡ್ ಗಾಢವಾಗಿ ಕಾಣೋದು. ಪಕ್ಕದ ಸ್ಯಾಟಿನ್ ಸ್ಟಿಚ್‌ಗೆ ಮ್ಯಾಚ್ ಆಗ್ಬೇಕಂದ್ರೆ ಪೈಲ್‌ಗೆ ಒಂದು ಶೇಡ್ ತಿಳಿ ದಾರ ತಗೊಳ್ಳಿ. ಇನ್ನೊಂದು ಉಪಾಯ, ಒಂದೇ ಸೂಜಿಗೆ ಎರಡು ಎಳೆ ಕಂದು, ಒಂದು ಎಳೆ ತಿಳಿಗಂದು ಪೋಣಿಸಿ, ಬಾಚಿದಾಗ ಅವು ಬೆರೆತು ನಿಜವಾದ ಪ್ರಾಣಿಯ ರೋಮದ ಥರ ಬರುತ್ತೆ, ಒಂದೇ ಬಣ್ಣದಲ್ಲಿ ಆ ಜೀವ ಬರಲ್ಲ.

ರೋಮ ಉದುರ್ತಾ ಇದ್ರೆ

ಕತ್ತರಿಸುವಾಗ ಪುಡಿ ಉದುರೋದು ಸಹಜ. ಆದ್ರೆ ಬಾಚಿದಾಗ ಉದ್ದ ಎಳೆಗಳೇ ಕೈಗೆ ಬಂದ್ರೆ ಬುಡ ಸಡಿಲ ಅಂತ ಅರ್ಥ. ಕಾರಣ ಮೂರರಲ್ಲಿ ಒಂದಿರುತ್ತೆ: ಬಿಗಿ ಸ್ಟಿಚ್ ಪೂರ್ತಿ ಎಳೆದಿಲ್ಲ, ಬಿಗಿ ಸ್ಟಿಚ್ ತುಂಬ ಉದ್ದ ಹಾಕಿದೀರಿ, ಇಲ್ಲಾ ಬಟ್ಟೆ ಜಾಳಾಗಿದೆ. ಮಧ್ಯದಲ್ಲಿ ಒಂದು ಬಿಗಿ ಸ್ಟಿಚ್ ಬಿಟ್ಟೇ ಹೋಗಿದ್ರೆ ಕತ್ತರಿಸಿದ ಕೂಡಲೇ ಅಲ್ಲಿ ಬೋಳು ಕಾಣುತ್ತೆ, ಆ ಜಾಗಕ್ಕೆ ಹೊಸ ದಾರದಲ್ಲಿ ಒಂದೆರಡು ಗಂಟು ಹಾಕಿದ್ರೆ ಸರಿಹೋಗುತ್ತೆ, ಗಂಟೆಲ್ಲ ಬಿಡಿ ಬಿಡಿಯಾಗಿರೋದ್ರ ಲಾಭ ಇದು. ಇಡೀ ಭಾಗವೇ ಸಡಿಲ ಅನ್ಸಿದ್ರೆ ಹಿಂಭಾಗಕ್ಕೆ ಇಸ್ತ್ರಿಯಿಂದ ಅಂಟೋ ತೆಳು ಫ್ಯೂಸಿಂಗ್ ಹಾಕಬಹುದು, ಪೈಲ್ ಇರೋ ಮುಖನ ದಪ್ಪ ಟವಲ್ ಮೇಲೆ ಬೋರಲು ಇಟ್ಟು ಹಗುರವಾಗಿ ಒತ್ತಿ.

ಆ ಟವಲ್ ವಿಷಯ ಬೇರೆ ಯಾವ ಇಸ್ತ್ರಿಗೂ ಅನ್ವಯ. ಪೈಲ್ ಮೇಲೆ ನೇರ ಇಸ್ತ್ರಿ ಇಟ್ರೆ ಮುಗೀತು. ಮಲಗಿಹೋದ ಪೈಲನ್ನ ಎಬ್ಬಿಸೋಕೆ ಸ್ವಲ್ಪ ದೂರದಿಂದ ಹಬೆ ಕೊಟ್ಟು ಬೆರಳಲ್ಲಿ ಮೇಲಕ್ಕೆ ಕೆದರಿ. ತೊಳೆಯೋದಾದ್ರೆ ತಣ್ಣೀರಲ್ಲಿ ಕೈಯಲ್ಲೇ, ಉಜ್ಜದೆ ಹಿಂಡದೆ, ಟವಲ್‌ನಲ್ಲಿ ಒತ್ತಿ ನೀರು ತೆಗೆದು ಒಣಗಿದ ಮೇಲೆ ಬಾಚಿ. ದಿನಾ ಹಾಕೋ, ಮಷಿನ್‌ಗೆ ಹೋಗೋ ಬಟ್ಟೆಗೆ ಎತ್ತರದ ಪೈಲ್ ಬೇಡ, ಅಷ್ಟು ಬೇಕೇಬೇಕಂದ್ರೆ 3, 4 ಮಿ.ಮೀ.ಗೆ ಗಿಡ್ಡ ಕತ್ತರಿಸಿ. ಇನ್ನು ಫ್ರೇಮ್ ಹಾಕಿಸೋದಾದ್ರೆ ಗಾಜು ಪೈಲ್‌ಗೆ ತಾಗದ ಹಾಗೆ ಮಧ್ಯ ಅಂತರ ಬಿಡೋ ಆಳವಾದ ಫ್ರೇಮ್ ಕೇಳಿ, ಇಲ್ಲಾ ಗಾಜೇ ಬೇಡ ಅನ್ನಿ, ಧೂಳು ಕೂತ್ರೆ ಮೆತ್ತನೆ ಬ್ರಷ್‌ನಲ್ಲಿ ಆಗಾಗ ತೆಗೆದ್ರಾಯ್ತು.